ಮೂರನೆಯ ಅಧ್ಯಾಯದ ಸಿಂಹಗಳು

6 ನವೆಂಬರ್ 2023, ಸೋಮವಾರ

ಬಂದಿತು! ಅರವತ್ತಾರು ವರ್ಷ ಪರದೆಯ ಹಿಂದೆ ಕಾದು ಕೂತಿದ್ದ ನನ್ನ ಪ್ರವೇಶದ ಗಳಿಗೆ ಇಂದು ಬಂದಿತು! ಹಾರ್ಮೋನಿಯಂ ಮೊಳಗಲಿ, ತೆರೆ ಮೇಲೇಳಲಿ! ತಮಿಳು ಸೀಮೆಯ ಸೂಲೂರಿನ ನೇಕಾರರ ಬೀದಿಯ ನಂಜಪ್ಪನ್ ಎಂಬ ನಾನು, ನಲವತ್ತು ವರ್ಷ ಮಗ್ಗದ ಗದ್ದಲವನ್ನು ನನ್ನ ಗಂಟಲಿನಿಂದ ಸೋಲಿಸಿದವನು, ಇಂದಿನಿಂದ ಮಹಾಸಂಶೋಧನೆಯ ರಣರಂಗಕ್ಕೆ ಧುಮುಕಿದ್ದೇನೆ!

ಸೊಸೆ ಗೋಕಿಲಾ ತಿರುಪ್ಪೂರಿನ ಒಂದು ಕಾಲೇಜಿನಲ್ಲಿ ತಮಿಳು ಪಾಠ ಮಾಡುತ್ತಾಳೆ. ಆರು ವರ್ಷದಿಂದ ಡಾಕ್ಟರೇಟಿಗಾಗಿ ದುಡಿಯುತ್ತಿದ್ದಾಳೆ. ವಿಷಯ: ತಮಿಳು ವಾರಪತ್ರಿಕೆಗಳ ಸಿನಿಮಾ ವಿಮರ್ಶೆಗಳ ಭಾಷೆ, ಶೈಲಿ. ಜನವರಿ ಮೂವತ್ತೊಂದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಆರು ವರ್ಷ ಮಣ್ಣು. ಇದೇ ಕೊನೆಯ ಗಡುವು ಎಂದು ವಿಶ್ವವಿದ್ಯಾಲಯ ಬರೆದುಕೊಟ್ಟಿದೆ. ಈಚಿನ ವಿಮರ್ಶೆಗಳೆಲ್ಲ ಅವಳ ಕೈಯಲ್ಲಿವೆ. ಸಿಗದೆ ಉಳಿದದ್ದು ಎಂಬತ್ತರ ದಶಕ. ಅದು ಇರುವುದು ತುಡಿಯಲೂರಿನ ಕರುಪ್ಪುಸಾಮಿ ಎಂಬುವರ ಬಾಡಿಗೆ ಲೈಬ್ರರಿಯಲ್ಲಿ. ಲೈಬ್ರರಿ ಮುಚ್ಚಿ ವರ್ಷಗಳಾದವು. ಆದರೆ ಹಳೆಯ ವಾರಪತ್ರಿಕೆಗಳನ್ನು ಸಂಪುಟಗಳಾಗಿ ಹೊಲಿದು ಮಹಡಿಯ ಕೋಣೆಯಲ್ಲಿ ಇಟ್ಟಿದ್ದಾರೆ. ಮನೆಗೆ ಕೊಡುವುದಿಲ್ಲ, ಹಗಲಿನಲ್ಲಿ ಬಂದು ಓದಬಹುದು. ಗೋಕಿಲಾಳಿಗೆ ಹಗಲೆಲ್ಲ ಕ್ಲಾಸು.

"ಫೋಟೋ ತೆಗ್ದ್ರೆ ಆಯ್ತಲ್ಲಾ?" ಎಂದ ಮಗ ಮೋಹನ್‌ರಾಜ್, ಊಟದ ಮಧ್ಯೆ.

"ಹೊಲಿಗೆ ಟೈಟಾಗಿ ಅದೆ. ಒಳಗಡೆ ಸಾಲು ಫೋಟೋದಲ್ಲಿ ಬೀಳಲ್ಲೆ. ಅಮುಕಿ ಹಿಡಿದ್ರೆ ಅವರು ಅಳೋ ಹಂಗೆ ಆಗ್ತಾರೆ," ಎಂದಳು ಗೋಕಿಲಾ. "ಕೈಯಲ್ಲೇ ಬರ್ಕೊಂಡು ಬರ್ಬೇಕು."

ಎದ್ದು ನಿಂತೆ. ಎಡಗೈ ಸೊಂಟಕ್ಕೆ, ಬಲಗೈ ಆಕಾಶಕ್ಕೆ. "ಅಂಜದಿರು ಮಗಳೇ! ಈ ಬಾಹುಗಳಲ್ಲಿ ಲೇಖನಿ ಹಿಡಿಯುವ ಶಕ್ತಿ ಇರುವವರೆಗೂ…"

"ಏನುಂಗ, ಎಲೆ ಮೇಲೆ ತೋಳು ಬೀಸ್ಬೇಡಿ, ಸಾಂಬಾರ್ ಚೆಲ್ತದೆ," ಎಂದಳು ನನ್ನ ಧರ್ಮಪತ್ನಿ ವಿಜಯಕುಮಾರಿ. "ಕೂತ್ಕೊಂಡೇ ಶಕ್ತಿ ತೋರ್ಸಿ."

ಗೋಕಿಲಾ ನಗುತ್ತಾ ಹೇಳಿದಳು: "ಒಂದೊಂದು ವಿಮರ್ಶೆಯಿಂದ ಮುಖ್ಯವಾದ ಸಾಲು ಒಂದೊಂದು ಕಾರ್ಡಲ್ಲಿ. ಅವರು ಹೆಂಗೆ ಬರ್ದವ್ರೋ ಹಂಗೇ ಬರೀಬೇಕು ಮಾಮಾ."

ನನಗೇ ಹೇಳಿಕೊಡುತ್ತಾಳೆ! ಅಪ್ಪನ ನಾಟಕ ಕಂಪನಿಗೆ ಹತ್ತು ವರ್ಷದವನಿದ್ದಾಗಿನಿಂದ ಪಾತ್ರದ ಪ್ರತಿ ತೆಗೆದುಕೊಟ್ಟವನು ನಾನು. ಈ ಕನ್ನಡ ಅಕ್ಷರಗಳನ್ನು ಕಲಿತದ್ದೇ ಹಾಗೆ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ನನಗೊಬ್ಬನಿಗೆ. ಕಾರ್ಡು ತಮಿಳಿನಲ್ಲಿ, ದಿನಚರಿ ಕನ್ನಡದಲ್ಲಿ; ಈ ಪುಸ್ತಕಕ್ಕೆ ಬೀಗವೇ ಬೇಡ.

9 ನವೆಂಬರ್, ಗುರುವಾರ

ಎರಡು ಬಸ್ಸು ಹತ್ತಿ ತುಡಿಯಲೂರು ಸೇರಿದೆ. ಕರುಪ್ಪುಸಾಮಿ ಎಪ್ಪತ್ತರ ಸಣಕಲು ಮನುಷ್ಯ. ಸಂಪುಟಗಳನ್ನು ಎರಡೂ ಕೈಯಲ್ಲಿ ಹಿಡಿದು ಬಾಣಂತಿಯ ಮಡಿಲಿಗೆ ಮಗುವನ್ನು ಕೊಡುವ ಹಾಗೆ ಕೊಡುತ್ತಾರೆ. ನಾನು ಮೊದಲ ವಿಮರ್ಶೆಯನ್ನು ಓದತೊಡಗಿದೆ. ಓದುವುದೆಂದರೆ ಹೇಗೆ? ಬಾಯಿಬಿಟ್ಟು, ಎದೆತುಂಬಿ! ಕೆಳಗಿನ ಟೈಲರ್ ಅಂಗಡಿಯಿಂದ ಇಬ್ಬರು ಮೇಲೆ ಓಡಿಬಂದರು, ಏನು ಜಗಳ ಎಂದು ಕೇಳಿಕೊಂಡು.

"ಅಣ್ಣೇ," ಎಂದರು ಕರುಪ್ಪುಸಾಮಿ, "ಪುಸ್ತಕಕ್ಕೆ ಕಿವಿ ಸರಿಯಾಗೇ ಇದೆ. ಸ್ವಲ್ಪ ಮೆಲ್ಲಗೆ ಓದುಂಗ."

ಆದರೆ ಅಯ್ಯೋ, ಈ ವಿಮರ್ಶಕರು! ಹೆಸರೂ ಹಾಕಿಕೊಳ್ಳದ ಈ ಪುಣ್ಯಾತ್ಮರು ಉಪ್ಪಿಲ್ಲದ ಗಂಜಿ ಕುಡಿದು ಬರೆದಿದ್ದಾರೆಯೆ? "ವಿಲನ್ ನಗು ಪರವಾಗಿಲ್ಲ." ಇಷ್ಟೇ! ಒಬ್ಬ ಮನುಷ್ಯ ಕರುಳು ಕಿತ್ತುಬರುವಂತೆ ನಕ್ಕಿರುತ್ತಾನೆ, ಇವರಿಗೆ ಅದು ಪರವಾಗಿಲ್ಲ! "ಹಾಡುಗಳು ಕೇಳಬಹುದು." ಕೇಳಬಹುದಂತೆ! "ಕತ್ತರಿ ಹರಿತವಾಗಿದ್ದರೆ ಒಳ್ಳೆಯದಿತ್ತು." ಯಾರ ಕತ್ತರಿ? ಹೆಸರು ಹೇಳಲು ಏನು ಭಯ?

ಕಂಪನಿಯಲ್ಲಿ ಅಪ್ಪ ಹೇಳುತ್ತಿದ್ದರು, ಸಪ್ಪೆ ಮಾತನ್ನು ಸಪ್ಪೆಯಾಗಿಯೇ ಪ್ರತಿ ತೆಗೆಯುವವನು ನಟನಿಗೆ ದ್ರೋಹ ಮಾಡುತ್ತಾನೆ. ಅರ್ಥ ಕೆಡಬಾರದು, ಬಲ ಕೂಡಬೇಕು. ಹಾಗೇ ಮಾಡಿದೆ. ಕಾರ್ಡಿನಲ್ಲಿ ಬರೆದೆ: "ವಿಲನ್ ನಕ್ಕರೆ ಗುಹೆಯೊಳಗಿಂದ ಸಿಂಹ ಘರ್ಜಿಸಿದಂತೆ ಥಿಯೇಟರು ನಡುಗಿತು!" ಅರ್ಥ ಅದೇ. ನಗು ಪರವಾಗಿಲ್ಲ.

ಎಲ್ಲಕ್ಕೂ ಅಲ್ಲ, ತೀರಾ ಜೀವವಿಲ್ಲದವಕ್ಕೆ ಮಾತ್ರ. ಒಂದೇ ದಿನ ಹದಿನಾಲ್ಕು ಕಾರ್ಡು!

21 ನವೆಂಬರ್, ಮಂಗಳವಾರ

ಇಂದು ಸಂಜೆ ಗೋಕಿಲಾ ಮಂಚದ ತುಂಬ ಕಾರ್ಡು ಹರಡಿಕೊಂಡು ಕೂತಿದ್ದಳು. ಬಟ್ಟೆಯ ಅಂಗಡಿ ಹಾಕಿದ ಹಾಗೆ! ನಾನು ಪಕ್ಕದಲ್ಲಿ ಕೂತು ನೋಡಿದೆ. ಏನು ಸೂಕ್ಷ್ಮ ಈ ಹುಡುಗಿಯದು!

"ಇಲ್ನೋಡಿ ಮಾಮಾ. ಹೊಗಳಿಕೆ ಮೊದಲೆರಡು ಸಾಲು. ಮೂರ್ನೇ ಸಾಲಲ್ಲಿ 'ಆದರೆ' ಬರ್ತದೆ. ನೂರಕ್ಕೆ ಎಪ್ಪತ್ತು ವಿಮರ್ಶೇಲಿ ಹಿಂಗೇ."

"ಹೊಗಳಿದ್ದು ಬೈಯೋದಕ್ಕೆ ಚಾಪೆ ಹಾಸಿದಂಗೆ!"

"ಅದೇ! ಆಮೇಲೆ ಬಯ್ಯೋವಾಗ ಮನುಷ್ಯರ ಹೆಸರು ಮಾಯ. 'ಎರಡನೇ ಅರ್ಧ ಎಳೀತದೆ' ಅಂತಾರೆ. ಎಳೆದೋನು ಯಾರು? ಹೊಗಳೋವಾಗ ಮಾತ್ರ ಹೆಸರು ಹಾಕ್ತಾರೆ."

ಅಡುಗೆಮನೆಯಿಂದ ವಿಜಯಕುಮಾರಿ ಕೂಗಿದಳು: "ಏನುಂಗ, ನೀವು ತಂದ ಬದನೆಕಾಯಿ ಒಳ್ಳೆ ಬಣ್ಣ. ಗುಂಡಾಗೂ ಅದೆ. ಆದರೆ ಒಳಗೆ ಪೂರಾ ಹುಳ."

ಗೋಕಿಲಾ ನಕ್ಕು ಮಂಚದ ಮೇಲೆ ಬಿದ್ದಳು. "ಅತ್ತೆ, ಮೂರ್ನೇ ಸಾಲು! ಕರೆಕ್ಟಾಗಿ ಮೂರ್ನೇ ಸಾಲು!"

ನಾನೂ ನಕ್ಕೆ. ಮೇಲಿನ ಮಹಡಿಯ ಬಾಡಿಗೆಯವರು ಇಣುಕಿ ನೋಡುವಷ್ಟು ನಕ್ಕೆ. ಮಗ್ಗ ನಿಂತ ಮೇಲೆ ಈ ಮನೆಯಲ್ಲಿ ನಾನು ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ. ಈಗ ನೋಡಿ!

4 ಡಿಸೆಂಬರ್, ಸೋಮವಾರ

ಮಳೆ. ಬಸ್ಸಿನಲ್ಲಿ ಕಾರ್ಡುಗಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದೆ. ಇನ್ನೂರ ಎಪ್ಪತ್ತು ಆಯಿತು. ಮೈ ನೆನೆಯಿತು, ಕಾರ್ಡು ನೆನೆಯಲಿಲ್ಲ. ಜಯ!

20 ಡಿಸೆಂಬರ್, ಬುಧವಾರ

ನಾನೂರ ಹನ್ನೆರಡು! ಎಂಬತ್ತರ ದಶಕ ಸಂಪೂರ್ಣ! ಕರುಪ್ಪುಸಾಮಿ ನನಗೆ ಒಣಶುಂಠಿಯ ಸುಕ್ಕುಕಾಪಿ ತರಿಸಿ ಕೊಟ್ಟು, "ನೀವು ಬರದಿದ್ದರೆ ಇನ್ನು ಬೇಜಾರಾಗುತ್ತದಣ್ಣೇ, ಕಿವಿಗೆ ಮಾತ್ರ ಸುಖ," ಎಂದರು. ಪೊಂಗಲ್‌ಗೆ ಮುಂಚೆ, ಜನವರಿ ಹದಿಮೂರಕ್ಕೆ, ಆ ಕೋಣೆ ಖಾಲಿ ಮಾಡಬೇಕಂತೆ, ಮಗಳು ಬಂದು ಅಲ್ಲಿ ಇರುತ್ತಾಳಂತೆ. ಸಂಪುಟಗಳು ಉಕ್ಕಡಂನ ಹಳೇಪೇಪರಿನವರಿಗೆ. ಹೇಳುವಾಗ ಬೇರೆ ಕಡೆ ನೋಡುತ್ತಿದ್ದರು.

ಗೋಕಿಲಾ ಬರೆಯುತ್ತಿದ್ದಾಳೆ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕೂರುತ್ತಾಳೆ. ಮೂರನೆಯ ಅಧ್ಯಾಯ ಪೂರ್ತಿ ನನ್ನ ಕಾರ್ಡುಗಳ ಮೇಲೆ ನಿಂತಿದೆಯಂತೆ. ನನ್ನ!

3 ಜನವರಿ 2024, ಬುಧವಾರ

ಗೋಕಿಲಾ ಕಾಲೇಜಿನಿಂದ ಓಡಿಕೊಂಡೇ ಬಂದಳು. ಚಪ್ಪಲಿ ಒಂದು ಬಾಗಿಲ ಹೊರಗೆ, ಒಂದು ಒಳಗೆ. ಗೈಡ್ ಮೇಡಂ ಮೂರನೆಯ ಅಧ್ಯಾಯ ಓದಿ, ಇದುವರೆಗೆ ಯಾರೂ ಇದನ್ನು ಕಂಡಿಲ್ಲ, ಇಡೀ ಪ್ರಬಂಧಕ್ಕೆ ಇದೇ ಕಿರೀಟ ಎಂದರಂತೆ. ಅತ್ತೆ, ಮಾವ, ಗಂಡ ಮೂವರನ್ನೂ ಕೂರಿಸಿ ಓದಿದಳು.

"ಎಂಬತ್ತರ ದಶಕದ ವಿಮರ್ಶಕರ ಭಾಷೆಯಲ್ಲಿ ನಾಟಕ ರಂಗದ ಮೊಳಗು ಇನ್ನೂ ಆರಿಲ್ಲ. ಸಿಂಹ, ಸಿಡಿಲು, ಸಮುದ್ರ ಎಂಬ ಮೂರು ಹೋಲಿಕೆಗಳು ಮತ್ತೆ ಮತ್ತೆ ಬರುತ್ತವೆ. ತೊಂಬತ್ತರ ನಂತರ ಇವು ಹೇಳಹೆಸರಿಲ್ಲದೆ ಮಾಯವಾಗುತ್ತವೆ."

ಚಪ್ಪಾಳೆ ತಟ್ಟಿದೆ! ನಾನು ಯಾವತ್ತೂ ಹೇಳಿದ್ದೇ ಅದು! ನಾಟಕವೇ ತಾಯಿ, ಸಿನಿಮಾ ಮಗಳು! ವಿಮರ್ಶಕರೂ ನಾಟಕದ ಹಾಲು ಕುಡಿದು ಬೆಳೆದವರು ಎಂದು ವಿದ್ವಾಂಸರ ಲೆಕ್ಕವೇ ಸಾಬೀತು ಮಾಡಿತು!

ಆಮೇಲೆ ಗೋಕಿಲಾ ಉದಾಹರಣೆಗಳನ್ನು ಓದಿದಳು. ಮೊದಲನೆಯದು: "ವಿಲನ್ ನಕ್ಕರೆ ಗುಹೆಯೊಳಗಿಂದ ಸಿಂಹ ಘರ್ಜಿಸಿದಂತೆ…"

ಎರಡು ಅಂಗೈಗಳು ಕೂಡುವ ಮೊದಲೇ ನಿಂತವು.

ಎರಡನೆಯದು ಸಮುದ್ರ. ಅದೂ ನನಗೆ ಗೊತ್ತಿತ್ತು.

"ಯಾಕೆ ಮಾಮಾ, ಚೆನ್ನಾಗಿಲ್ಲೆಯಾ?"

"ಚೆನ್ನಾಗಿದೆಯಮ್ಮಾ," ಎಂದೆ.

4 ಜನವರಿ, ಗುರುವಾರ

ವಿಚಾರಣೆ ಆರಂಭವಾಗಲಿ. ಆರೋಪಿ ನಂಜಪ್ಪನ್. ನ್ಯಾಯಾಧೀಶನೂ ಅವನೇ.

ಹದಿಮೂರನೇ ತಾರೀಕು ಸಂಪುಟಗಳು ಉಕ್ಕಡಂಗೆ ಹೋಗುತ್ತವೆ. ಅಲ್ಲಿಂದ ಮುಂದೆ ನೀರಲ್ಲಿ ನೆನೆದು ಕಾಗದದ ತಿರುಳು, ಆಮೇಲೆ ರಟ್ಟು. ಆಮೇಲೆ ಈ ವಿಷಯ ಗೊತ್ತಿರುವುದು ದೇವರಿಗೂ ನನಗೂ. ಗೋಕಿಲಾ ಡಾಕ್ಟರ್ ಆಗುತ್ತಾಳೆ. ಗೈಡ್ ಮೇಡಂಗೆ ಸಂತೋಷ. ಯಾರಿಗೆ ನಷ್ಟ? ಸತ್ತುಹೋದ ಸಿನಿಮಾಗಳ, ಹೆಸರಿಲ್ಲದ ವಿಮರ್ಶಕರಿಗೆ? ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಹೇಳಿದರೆ ಕಿರೀಟ ಬೀಳುತ್ತದೆ. ಇಪ್ಪತ್ತೇಳು ದಿನದಲ್ಲಿ ಮತ್ತೆ ಬರೆಯಲು ಆಗದಿದ್ದರೆ ಆರು ವರ್ಷವೂ ಅದರ ಜೊತೆಗೆ ಬೀಳುತ್ತದೆ.

6 ಜನವರಿ, ಶನಿವಾರ

ವಿಜಯಕುಮಾರಿ ಕೇಳಿದಳು, ಗಂಟಲು ಕೆಟ್ಟಿದೆಯಾ, ಮೆಣಸಿನ ಕಷಾಯ ಮಾಡಲಾ ಎಂದು. ಬೇಡ ಎಂದೆ.

7 ಜನವರಿ, ಭಾನುವಾರ

ಮಾತನ್ನು ಬರೆದು ಸಿದ್ಧಮಾಡಿಕೊಂಡಿದ್ದೆ. ಮೂರು ಪುಟ. ಆರಂಭದಲ್ಲಿ ಅಪ್ಪನ ಕಂಪನಿ, ನಡುವೆ ಕಲೆ, ಕೊನೆಗೆ ಕ್ಷಮೆ. ಗೋಕಿಲಾ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹೋಗಿ ನಿಂತೆ. ಆ ಮೂರು ಪುಟದಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ.

"ಗೋಕಿಲಾ, ಆ ಸಿಂಹಗಳು ನನ್ನವು."

"ಯಾವ ಸಿಂಹ ಮಾಮಾ?"

"ಮೂರನೇ ಅಧ್ಯಾಯದ್ದು."

ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

"ಸಮುದ್ರ?"

"ಅದೂ."

"ಸಿಡಿಲು?"

"ಒಂದೆರಡು ಅವರದ್ದಿರಬಹುದು."

ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬಕೆಟ್ಟಿಗೇ ಹಾಕಿ ಒಗೆಯುವ ಕಲ್ಲಿನ ಮೇಲೆ ಕೂತಳು. "ಎಷ್ಟು ಕಾರ್ಡಲ್ಲಿ ಹಿಂಗೆ?"

"ಗೊತ್ತಿಲ್ಲ."

"ಗೊತ್ತಿಲ್ಲೆ ಅಂದ್ರೆ?"

"ಯಾವುದು ನಂದು, ಯಾವುದು ಅವರದು ಅಂತ ಈಗ ನನಗೇ ತಿಳೀತಾ ಇಲ್ಲ."

"ನಾನು ಏನ್ ಹೇಳಿದ್ದೆ?" ಎಂದಳು, ಬಹಳ ಮೆಲ್ಲಗೆ. ಅದಕ್ಕೆ ಬೈಗುಳವೇ ವಾಸಿಯಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದ ಬಟ್ಟೆ ನಾನು ಒಣಗಿಸಿದೆ. ವಿಜಯಕುಮಾರಿ ಹಿಂದಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು.

"ಏನುಂಗ," ಎಂದಳು, "ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಒಂದು ಮಾತ್ನ ಸುತ್ತಿ ಬಳಸದೆ ಹೇಳಿದ್ರಿ. ಅದೂ ಇದಾ?"

8 ಜನವರಿ, ಸೋಮವಾರ

ಬೆಳಿಗ್ಗೆ ಆರೂವರೆಗೆ ಗೋಕಿಲಾ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ವಾರ ರಜೆ ಹಾಕಿದ್ದಾಳಂತೆ. "ಬಸ್ಸಿಗೆ ಟೈಮಾಯ್ತು," ಎಂದಳು. ಮಾಮಾ ಅನ್ನಲಿಲ್ಲ.

ತುಡಿಯಲೂರಿನಲ್ಲಿ ನಾನು ಸಂಪುಟ ನೋಡಿ ಓದುವುದು, ಅವಳು ಕಾರ್ಡಿನೊಂದಿಗೆ ಹೋಲಿಸುವುದು. ತಪ್ಪಿದ್ದರೆ ಕೆಂಪು ಗೆರೆ. ಅರವತ್ತು ಕಾರ್ಡಾಯಿತು. ಇಪ್ಪತ್ತಮೂರು ಕೆಂಪು. ದಾರಿಯಲ್ಲಿ ಎರಡು ಬಸ್ಸಿನಲ್ಲೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

10 ಜನವರಿ, ಬುಧವಾರ

ಮಧ್ಯಾಹ್ನ ನೂರ ಅರವತ್ತೆರಡನೇ ಕಾರ್ಡಿಗೆ ಬಂದೆವು. ಅವಳು ಕಾರ್ಡು ಓದಿದಳು: "ಮಗ ಸತ್ತ ಸುದ್ದಿ ಕೇಳಿದ ತಾಯಿ ಕಣ್ಣೀರಿನ ಸಮುದ್ರವನ್ನೇ ಹರಿಸಿ ಥಿಯೇಟರನ್ನು ಮುಳುಗಿಸಿದರು!"

ನಾನು ಸಂಪುಟ ನೋಡಿ ಓದಿದೆ: "ಮಗ ಸತ್ತ ಸುದ್ದಿ ಕೇಳಿದ ತಾಯಿ ಅಳಲಿಲ್ಲ. ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೊಮ್ಮೆ ತೊಳೆದರು. ಥಿಯೇಟರಿನಲ್ಲಿ ಯಾರೂ ಕೆಮ್ಮಲಿಲ್ಲ."

ಅರ್ಥ ಕೆಡಬಾರದು ಎಂದು ನಾನು ಇಟ್ಟುಕೊಂಡಿದ್ದ ನಿಯಮ ಇಲ್ಲಿ ಎಲ್ಲಿ ಹೋಗಿತ್ತೋ ತಿಳಿಯದು. ಆ ತಾಯಿ ಅತ್ತಿರಲೇ ಇಲ್ಲ.

"ಇನ್ನೊಂದ್ ಸಲ ಓದಿ ಮಾಮಾ," ಎಂದಳು ಗೋಕಿಲಾ.

ಓದಿದೆ. ಕರುಪ್ಪುಸಾಮಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಗೋಕಿಲಾ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡು, ಹಿಂದಿನ ಕಾರ್ಡುಗಳನ್ನೆಲ್ಲ ತಿರುವತೊಡಗಿದಳು. "ಇದ್ರಲ್ಲೂ ಅದೆ. 'ಹೆಂಗಸರು ಎದ್ದು ಹೋದರು.' ಇದ್ರಲ್ಲಿ 'ಇಂಟರ್ವಲ್ಲಿನಲ್ಲಿ ಯಾರೂ ಮುಂದಿನ ಕಥೆ ಊಹಿಸುತ್ತಿರಲಿಲ್ಲ.' ಇವರು ಸಿನಿಮಾ ಹೆಂಗಿದೆ ಅಂತ ಬರೀತಾ ಇಲ್ಲ ಮಾಮಾ. ಜನ ಏನು ಮಾಡಿದ್ರು ಅಂತ ಬರೀತಾರೆ. ಈಗಿನೋರು ಒಬ್ರೂ ಹಿಂಗೆ ಬರಿಯಲ್ಲೆ. ಈಗ ಬರೀ ಕ್ಯಾಮೆರಾ, ಮೇಕಿಂಗು."

"ಅವರು ಜನರ ಜೊತೆ ಕೂತು ನೋಡಿದ್ದಾರೆ," ಎಂದರು ಕರುಪ್ಪುಸಾಮಿ. "ನನ್ನ ಹತ್ತಿರ ಪುಸ್ತಕ ತಗೊಂಡು ಹೋಗುತ್ತಿದ್ದವರು ವಿಮರ್ಶೆ ಓದಿ, ಇದು ನಮ್ಮ ಥಿಯೇಟರ್‌ನಲ್ಲೇ ನಡೆದದ್ದು ಅನ್ನುತ್ತಿದ್ದರು."

ಈ ಮನುಷ್ಯ ಇಷ್ಟು ದಿನ ಇಲ್ಲೇ ಕೂತಿದ್ದರು. ನಾನು ಒಂದು ಮಾತೂ ಕೇಳಿರಲಿಲ್ಲ. ಇಂದು ಕೇಳಿದೆ. ಒಂದು ಗಂಟೆ ಹೇಳಿದರು.

13 ಜನವರಿ, ಶನಿವಾರ

ಮುಗಿಯಿತು. ನಾನೂರ ಹನ್ನೆರಡರಲ್ಲಿ ನೂರ ಮೂವತ್ತೊಂದು ನಾನು ಕೆಡಿಸಿದ್ದು. ನನ್ನವೇ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದ ಏಳು ಒಳ್ಳೆಯ ಸಾಲುಗಳು ಅವರವೇ ಎಂದು ಗೊತ್ತಾಯಿತು.

ಮೂರು ಗಂಟೆಗೆ ಹಳೇಪೇಪರಿನ ಗಾಡಿ ಬರುವುದಿತ್ತು. ವಿಮರ್ಶೆ ಇರುವ ಎಲ್ಲ ಪುಟದ ಫೋಟೋ ಇದ್ದರೆ ಮುಂದೆ ಯಾರು ಕೇಳಿದರೂ ತೋರಿಸಬಹುದಿತ್ತು ಎಂದಳು ಗೋಕಿಲಾ. ಕರುಪ್ಪುಸಾಮಿ ಒಂದು ಕ್ಷಣ ನಿಂತರು. ಕೆಳಗೆ ಹೋಗಿ ಟೈಲರ್ ಹತ್ತಿರ ಹೊಲಿಗೆ ಬಿಚ್ಚುವ ಬ್ಲೇಡು ತಂದರು. ಮೊದಲ ಸಂಪುಟದ ಬೆನ್ನನ್ನು ತಡವಿ, ದಾರ ಕೊಯ್ದರು. ಹನ್ನೊಂದು ಸಂಪುಟ. ಬೇರೆಯವರಿಗೆ ಬ್ಲೇಡು ಕೊಡಲಿಲ್ಲ. ವಿಮರ್ಶೆಯ ಹಾಳೆಗಳನ್ನು ನಾನು ಚಾಪೆಯ ಮೇಲೆ ಒಂದೊಂದಾಗಿ ಹಾಸಿದೆ, ಗೋಕಿಲಾ ಫೋಟೋ ತೆಗೆದಳು. ಗಾಡಿಯವನು ಬಂದು ಒಂದು ಗಂಟೆ ಕಾದ.

ಗಾಡಿ ಹೋದ ಮೇಲೆ ಕರುಪ್ಪುಸಾಮಿ ಕೋಣೆ ಗುಡಿಸಿದರು. ನಾನು ಮೊರ ಹಿಡಿದೆ.

31 ಜನವರಿ, ಬುಧವಾರ

ಪ್ರಬಂಧ ಒಪ್ಪಿಸಿ ಬಂದಳು. ಕಚೇರಿ ಮುಚ್ಚಲು ಇಪ್ಪತ್ತು ನಿಮಿಷ ಇತ್ತಂತೆ. ಮೂರನೆಯ ಅಧ್ಯಾಯ ಹೊಸದು. ಗೈಡ್ ಮೇಡಂಗೆ ಸಿಂಹಗಳೇ ಇಷ್ಟವಾಗಿದ್ದವು. ಕೊನೆಯಲ್ಲಿ ಗೋಕಿಲಾ ಒಂದು ಪುಟ ಸೇರಿಸಿದ್ದಾಳೆ: ಪ್ರತಿ ಮಾಡಿದವರು ನೂರ ಮೂವತ್ತೊಂದು ಕಾರ್ಡುಗಳಲ್ಲಿ ಮೂಲವನ್ನು ಬದಲಿಸಿದ್ದರು, ಎಲ್ಲವನ್ನೂ ಮತ್ತೆ ನೋಡಿ ಸರಿಪಡಿಸಿದೆ ಎಂದು. ಅದು ಬೇಡ, ಪರೀಕ್ಷಕರು ಅದನ್ನೇ ಹಿಡಿದು ಕೆಡವುತ್ತಾರೆ ಎಂದರಂತೆ ಮೇಡಂ. ಇರಲಿ ಎಂದಳಂತೆ ಇವಳು.

ನನ್ನ ಹೆಸರು ಹಾಕಿಲ್ಲ.

22 ಆಗಸ್ಟ್ 2024, ಗುರುವಾರ

ಇಂದು ಗೋಕಿಲಾಳ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು. ವಿಜಯಕುಮಾರಿ, ಮೋಹನ್‌ರಾಜ್, ಕರುಪ್ಪುಸಾಮಿ, ನಾನು ಎರಡನೇ ಸಾಲಿನಲ್ಲಿ ಕೂತೆವು. ಹಿಂದೆ ಅವಳ ಕಾಲೇಜಿನವರು, ವಿದ್ಯಾರ್ಥಿನಿಯರು.

ಗೋಕಿಲಾ ಮುಕ್ಕಾಲು ಗಂಟೆ ನಿಂತು ಹೇಳಿದಳು. ಚೆನ್ನಾಗಿ ಹೇಳಿದಳು. ಮದುರೈಯಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ನಗುವುದಿಲ್ಲ. ಪ್ರಬಂಧದ ಕೊನೆಯ ಪುಟ ತೆಗೆದರು.

"ನೂರ ಮೂವತ್ತೊಂದು ಬದಲಾಗಿತ್ತು ಅಂತ ನೀವೇ ಬರೆದಿದ್ದೀರಿ. ಉಳಿದವನ್ನು ನಾನು ಯಾಕೆ ನಂಬಬೇಕು?"

"ನಂಬಬೇಡಿ ಸಾರ್," ಎಂದಳು ಗೋಕಿಲಾ. "ಎಲ್ಲ ಪುಟದ ಫೋಟೋ ಇದೆ. ನೀವು ನಂಬರ್ ಹೇಳಿ."

ಅವರು ಐದು ನಂಬರ್ ಹೇಳಿದರು. ಐದನ್ನೂ ಪರದೆಯ ಮೇಲೆ ತೋರಿಸಿದಳು, ಕಾರ್ಡೂ ಪಕ್ಕದಲ್ಲಿ. ಅವರು ಕನ್ನಡಕ ಏರಿಸಿ ಪದಪದವಾಗಿ ನೋಡಿದರು. ಐದೂ ಸರಿಯಿದ್ದವು. ಇನ್ನೂ ಮೂರು ಕೇಳಿದರು. ಅವೂ ಸರಿಯಿದ್ದವು. ವಿಜಯಕುಮಾರಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು.

"ಪ್ರತಿ ಮಾಡಿದವರು ಯಾರು? ಇಲ್ಲಿದ್ದಾರಾ?"

ಗೋಕಿಲಾ ನನ್ನ ಕಡೆ ನೋಡಲಿಲ್ಲ. ಎದ್ದೆ.

"ನಾನೇ ಸಾರ್."

"ಯಾಕೆ ಬದಲಾಯಿಸಿದಿರಿ?"

"ಚೆನ್ನಾಗಿರಲಿ ಅಂತ. ಅದು ಮೊದಲೇ ಚೆನ್ನಾಗಿತ್ತು ಸಾರ್. ನನಗೆ ಓದೋಕೆ ಬರಲಿಲ್ಲ."

ಕೂತೆ.

ಹಿಂದಿನ ಸಾಲಿನಿಂದ ಯಾರೋ, ಏನಂದರು, ಕೇಳಿಸಲಿಲ್ಲ ಎಂದರು. ಆ ಸಭಾಂಗಣದಲ್ಲಿ ಏನೋ ದೋಷವಿದೆ. ಪರೀಕ್ಷಕರು ಮೈಕ್ ಹತ್ತಿರ ಎಳೆದುಕೊಂಡು ನನ್ನ ಮಾತನ್ನು ಅವರಿಗೆ ಹೇಳಿದರು. ನಾನು ಹೇಳಿದ ಹಾಗೇ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ.

ಆಮೇಲೆ ಪ್ರಬಂಧವನ್ನು ಮುಚ್ಚಿ ಅವಳ ಕಡೆ ತಿರುಗಿದರು.

"ಡಾಕ್ಟರ್ ಗೋಕಿಲಾ," ಎಂದರು, "ಬಹಳ ಹೊತ್ತು ನಿಂತಿದ್ದೀರಿ. ಕೂತ್ಕೊಳ್ಳಿ."